ಸ್ಪ್ಯಾನಿಷ್ ಮಾತಾಡುವವರಿಗೆ ಇಂಗ್ಲಿಷ್ ವ್ಯಾಕರಣ: ಕಲಿಸುವ ಕನ್ನಡಿಗರಿಗೊಂದು ಮಾರ್ಗದರ್ಶಿ

ಆಫೀಸಿನಲ್ಲಿ ಮೆಕ್ಸಿಕೊದ ಸಹೋದ್ಯೋಗಿಯ ಇಮೇಲ್ ತಿದ್ದಿಕೊಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಟೆಕ್ಸಾಸ್‌ನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇದ್ದುಕೊಂಡು ಪಕ್ಕದ ಮನೆಯವರಿಗೆ ಇಂಗ್ಲಿಷ್ ಹೇಳಿಕೊಡುವ ಕನ್ನಡಿಗರೂ ಇದ್ದಾರೆ. ಇನ್ನು ಕೆಲವರು ಬೆಂಗಳೂರು, ಮೈಸೂರಿನಿಂದಲೇ ಆನ್‌ಲೈನ್‌ನಲ್ಲಿ ಕೊಲಂಬಿಯಾ, ಪೆರು ಕಡೆಯವರಿಗೆ ಕ್ಲಾಸ್ ತೆಗೆದುಕೊಳ್ಳುತ್ತಾರೆ. ಅವರೆಲ್ಲರಿಗಾಗಿ ಈ ಲೇಖನ.

ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ. ದೇಶದಿಂದ ದೇಶಕ್ಕೆ ಪದ ಬದಲಾಗುತ್ತದೆ, ಉಚ್ಚಾರ ಬದಲಾಗುತ್ತದೆ. ಆದರೆ ಅವರು ಇಂಗ್ಲಿಷ್‌ನಲ್ಲಿ ಮಾಡುವ ತಪ್ಪುಗಳು ಮಾತ್ರ ಮ್ಯಾಡ್ರಿಡ್‌ನಿಂದ ಲಿಮಾವರೆಗೂ ಹೆಚ್ಚುಕಡಿಮೆ ಒಂದೇ. ಯಾಕೆಂದರೆ ಅವರ ಒಂದೊಂದು ತಪ್ಪು ಇಂಗ್ಲಿಷ್ ವಾಕ್ಯದ ಹಿಂದೆಯೂ ಒಂದು ಸರಿಯಾದ ಸ್ಪ್ಯಾನಿಷ್ ವಾಕ್ಯ ಇರುತ್ತದೆ. ಅದನ್ನು ಹುಡುಕುವುದೇ ನಿಮ್ಮ ಕೆಲಸ. ವ್ಯಾಕರಣ ಪುಸ್ತಕವನ್ನು ಮೊದಲ ಪುಟದಿಂದ ಹಿಡಿದು ಕಲಿಸುತ್ತಾ ಹೋದರೆ, ಅವರಿಗೆ ಆಗಲೇ ಗೊತ್ತಿರುವುದರ ಮೇಲೆ ಜಾಸ್ತಿ ಸಮಯ ಹೋಗುತ್ತದೆ.

ಇಲ್ಲಿ ಕನ್ನಡ ನಮಗೆ ನಿಜವಾಗಿ ಕೆಲಸಕ್ಕೆ ಬರುತ್ತದೆ. ಕೆಲವು ಕಡೆ ಕನ್ನಡ ಇಂಗ್ಲಿಷ್ ಪಕ್ಕ ನಿಲ್ಲುತ್ತದೆ, ಸ್ಪ್ಯಾನಿಷ್ ಬೇರೆ ದಾರಿ ಹಿಡಿಯುತ್ತದೆ. ಅಲ್ಲಿ 'ಇಷ್ಟು ಸುಲಭದ್ದು ಇವರಿಗೆ ಯಾಕೆ ಬರ್ತಿಲ್ಲ' ಅನ್ನಿಸುತ್ತದೆ. ಸ್ವಲ್ಪ ತಾಳ್ಮೆ ಬೇಕು, ಅಷ್ಟೇ. ಇನ್ನು ಕೆಲವು ಕಡೆ ಕನ್ನಡ ಸ್ಪ್ಯಾನಿಷ್ ಪಕ್ಕ ನಿಲ್ಲುತ್ತದೆ. ಅಲ್ಲಿ ವಿದ್ಯಾರ್ಥಿ ಮಾಡುವ ತಪ್ಪನ್ನೇ ನಾವೂ ಮಾಡುತ್ತೇವೆ. ಹಾಗಾಗಿ ಅದು ನಮ್ಮ ಕಿವಿಗೆ ತಪ್ಪು ಅಂತ ಕೇಳಿಸುವುದೇ ಇಲ್ಲ. ಕಲಿಸುವವರು ಹೆದರಬೇಕಾದದ್ದು ಈ ಎರಡನೆಯ ಗುಂಪಿಗೆ.

ಉದಾಹರಣೆಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಸ್ಪ್ಯಾನಿಷ್‌ಗೆ ಇದು ಚೆನ್ನಾಗಿ ಒಗ್ಗುತ್ತದೆ. ಅವರ ತ, ದ ನಮ್ಮ ತ, ದ ಇದ್ದ ಹಾಗೇ ಹಲ್ಲಿಗೆ ತಾಗುತ್ತವೆ. ಉಚ್ಚಾರವನ್ನು ಲ್ಯಾಟಿನ್ ಅಮೆರಿಕದ ರೀತಿಯಲ್ಲಿ ಇಟ್ಟುಕೊಂಡಿದ್ದೇನೆ.

ಹೆಜ್ಜೆ 1: ಪಾಠಕ್ಕೆ ಮೊದಲು ಒಂದು ಪ್ಯಾರಾ ಬರೆಸಿ

ಮೊದಲ ದಿನವೇ ನಿಯಮ ಹೇಳಲು ಹೋಗಬೇಡಿ. ಮನೆಯವರೊಬ್ಬರ ಬಗ್ಗೆ ಐದಾರು ವಾಕ್ಯ ಬರೆಯಲು ಹೇಳಿ. ಶುರುವಿನ ಹಂತ ದಾಟಿದ ವಿದ್ಯಾರ್ಥಿಯಿಂದ ಸಾಮಾನ್ಯವಾಗಿ ಇಂಥದ್ದೊಂದು ಪ್ಯಾರಾ ಬರುತ್ತದೆ:

'ಮೈ ಬ್ರದರ್ ಹ್ಯಾಸ್ ತರ್ಟಿ ಇಯರ್ಸ್. ಈಸ್ ಡಾಕ್ಟರ್. ಹಿ ವರ್ಕ್ ಇನ್ ಅ ಹಾಸ್ಪಿಟಲ್ ಸಿನ್ಸ್ ಫೈವ್ ಇಯರ್ಸ್. ಐ ವಾಂಟ್ ದಟ್ ಹಿ ಕಮ್ಸ್ ಟು ಮೈ ಹೌಸ್, ಬಟ್ ಹಿ ನೋ ಹ್ಯಾವ್ ಟೈಮ್. ದ ಲೈಫ್ ಈಸ್ ಡಿಫಿಕಲ್ಟ್.'

ಕೆಂಪು ಪೆನ್ನು ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿ: 'ಇದನ್ನೇ ಸ್ಪ್ಯಾನಿಷ್‌ನಲ್ಲಿ ಹೇಗೆ ಹೇಳ್ತೀರಿ?' ಅವರು 'ಮಿ ಎರ್ಮಾನೊ ತಿಯೆನೆ ತ್ರೆಯಿಂತ ಆನ್ಯೊಸ್. ಎಸ್ ಮೆದಿಕೊ' ಅನ್ನುತ್ತಾರೆ. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. 'ತಿಯೆನೆ' ಅಂದರೆ ಅವನ ಹತ್ತಿರ ಇದೆ ಅಂತ. ಅದು 'ಹ್ಯಾಸ್' ಆಗಿದೆ. 'ಎಸ್ ಮೆದಿಕೊ'ದಲ್ಲಿ 'ಅವನು' ಅನ್ನುವ ಪದವೂ ಇಲ್ಲ, 'ಒಬ್ಬ' ಅನ್ನುವ ಪದವೂ ಇಲ್ಲ. ಅದಕ್ಕೇ 'ಈಸ್ ಡಾಕ್ಟರ್' ಬಂದಿದೆ. ಹೀಗೆ ನೋಡಿದರೆ ಆ ಪ್ಯಾರಾದಲ್ಲಿ ಅಜಾಗರೂಕತೆಯ ತಪ್ಪು ಅಂತ ಕರೆಯಬಹುದಾದದ್ದು 'ಹಿ ವರ್ಕ್' ಒಂದೇ. ಉಳಿದದ್ದೆಲ್ಲ ಅಚ್ಚುಕಟ್ಟಾದ ಸ್ಪ್ಯಾನಿಷ್.

ಈ ಪ್ಯಾರಾ ಜೋಪಾನವಾಗಿ ಇಟ್ಟುಕೊಳ್ಳಿ. ಮುಂದಿನ ಪಾಠಗಳ ಪಟ್ಟಿ ಇದರಲ್ಲೇ ಇದೆ.

ಹೆಜ್ಜೆ 2: ವಾಕ್ಯಕ್ಕೆ ಕರ್ತೃ ಇದೆಯಾ ನೋಡಿ

ಸ್ಪ್ಯಾನಿಷ್‌ನಲ್ಲಿ ಕ್ರಿಯಾಪದದ ಬಾಲ ನೋಡಿದರೆ ಯಾರು ಅಂತ ಗೊತ್ತಾಗುತ್ತದೆ. 'ಬೆಂಗೊ' ಅಂದರೆ ಬರ್ತೀನಿ, 'ಬಿಯೆನೆ' ಅಂದರೆ ಬರ್ತಾನೆ ಅಥವಾ ಬರ್ತಾಳೆ. ಕನ್ನಡವೂ ಹೀಗೇ ಅಲ್ವಾ? 'ನಾಳೆ ಬರ್ತೀನಿ' ಅಂದರೆ ಸಾಕು, 'ನಾನು' ಬೇಕಾಗಿಲ್ಲ. ಇಂಗ್ಲಿಷ್‌ನಲ್ಲಿ ಆ ಬಾಲಗಳು ಉದುರಿಹೋಗಿವೆ. ಹಾಗಾಗಿ ಕರ್ತೃ ಬಿಟ್ಟರೆ ವಾಕ್ಯ ನಿಲ್ಲುವುದಿಲ್ಲ. ಈ ಕಾರಣವನ್ನು ಅವರಿಗೆ ಹೇಳಿ. ಕಾರಣ ಗೊತ್ತಾದರೆ ನಿಯಮ ಮರೆಯುವುದಿಲ್ಲ.

ಕಷ್ಟ ಇರುವುದು ಯಾರೂ ಕರ್ತೃ ಇಲ್ಲದ ವಾಕ್ಯಗಳಲ್ಲಿ. 'ಎಸ್ತಾ ಯೊಬಿಯೆಂದೊ', ಅಂದರೆ ಮಳೆ ಬರ್ತಿದೆ. ಅವರು 'ಈಸ್ ರೇನಿಂಗ್' ಅನ್ನುತ್ತಾರೆ. 'ಎಸ್ ಇಂಪೊರ್ತಾಂತೆ' ಅನ್ನುವುದು 'ಈಸ್ ಇಂಪಾರ್ಟೆಂಟ್' ಆಗುತ್ತದೆ. ಹವಾಮಾನ, ಸಮಯ, ದೂರ, ಅಭಿಪ್ರಾಯ ಈ ನಾಲ್ಕು ಬಂದಾಗ 'ಇಟ್' ಹಾಕಬೇಕು ಅಂತ ಅಭ್ಯಾಸ ಮಾಡಿಸಿ. 'ಇಟ್ ಈಸ್ ರೇನಿಂಗ್, ಇಟ್ ಈಸ್ ಸೆವೆನ್ ಓ ಕ್ಲಾಕ್, ಇಟ್ ಈಸ್ ಫಾರ್, ಇಟ್ ಈಸ್ ಇಂಪಾರ್ಟೆಂಟ್.' ಪ್ರತಿ ಕ್ಲಾಸನ್ನೂ ಅವರೂರಿನ ಹವಾಮಾನ ಕೇಳಿಯೇ ಶುರು ಮಾಡಿ. ಒಂದೆರಡು ವಾರದಲ್ಲಿ ನಾಲಿಗೆಗೆ ಹತ್ತುತ್ತದೆ.

ಇನ್ನೊಂದು 'ಆಯ್' ಅನ್ನುವ ಪುಟ್ಟ ಪದ. ಇದೆ, ಇವೆ ಎರಡಕ್ಕೂ ಸ್ಪ್ಯಾನಿಷ್‌ನಲ್ಲಿ ಇದೊಂದೇ. ಇಂಗ್ಲಿಷ್‌ನಲ್ಲಿ 'ದೇರ್ ಈಸ್', 'ದೇರ್ ಆರ್' ಎರಡು ಬೇಕು. ಇದು ಗೊತ್ತಿಲ್ಲದವರು 'ಹ್ಯಾವ್ ಮೆನಿ ಪೀಪಲ್ ಇನ್ ದ ಪಾರ್ಕ್' ಅನ್ನುತ್ತಾರೆ.

ಹೆಜ್ಜೆ 3: 'ಡು' ಎಲ್ಲಕ್ಕಿಂತ ಹೆಚ್ಚು ಸಮಯ ಕೇಳುತ್ತದೆ

ಪ್ರಶ್ನೆ ಕೇಳಲು, ಇಲ್ಲ ಅನ್ನಲು ಇನ್ನೊಂದು ಕ್ರಿಯಾಪದ ಕರೆದುಕೊಂಡು ಬರಬೇಕು ಅನ್ನುವುದು ಸ್ಪ್ಯಾನಿಷ್‌ನವರಿಗೆ ವಿಚಿತ್ರ. ಅವರು ಸುಮ್ನೆ ದನಿ ಏರಿಸಿದರೆ ಪ್ರಶ್ನೆ ಆಯಿತು. ಕ್ರಿಯಾಪದದ ಮುಂದೆ 'ನೊ' ಇಟ್ಟರೆ ನಿಷೇಧ ಆಯಿತು. ನಾವು ಕೊನೆಗೆ ಒಂದು 'ಆ' ಸೇರಿಸಿ 'ಬರ್ತೀಯಾ' ಅಂತ ಮುಗಿಸಿದ ಹಾಗೆ. ಅದಕ್ಕೇ 'ಯು ಲೈಕ್ ಕಾಫಿ?', 'ಐ ನೋ ಹ್ಯಾವ್ ಕಾರ್' ಬರುವುದು.

ಇದನ್ನು ಮೂರು ಮೆಟ್ಟಿಲಲ್ಲಿ ಕಲಿಸಿ. ಒಂದೇ ವಾಕ್ಯ ಇಟ್ಟುಕೊಳ್ಳಿ: 'ಶಿ ವರ್ಕ್ಸ್ ಹಿಯರ್.' ಮೊದಲ ಮೆಟ್ಟಿಲು, 'ವರ್ಕ್ಸ್' ಒಳಗೆ 'ಡಸ್' ಅಡಗಿದೆ ಅಂತ ತೋರಿಸಿ: 'ಶಿ ಡಸ್ ವರ್ಕ್ ಹಿಯರ್.' ಕೊನೆಯ 'ಸ್' ಈಗ 'ಡಸ್'ಗೆ ಹೋಯಿತು, 'ವರ್ಕ್' ಬರಿದಾಯಿತು. ಎರಡನೆಯ ಮೆಟ್ಟಿಲು, ಪ್ರಶ್ನೆ ಬೇಕಾದರೆ 'ಡಸ್' ಅನ್ನು ಮುಂದಕ್ಕೆ ತನ್ನಿ: 'ಡಸ್ ಶಿ ವರ್ಕ್ ಹಿಯರ್?' ಮೂರನೆಯದು, ಇಲ್ಲ ಅನ್ನಬೇಕಾದರೆ 'ಡಸ್' ಬೆನ್ನಿಗೆ 'ನಾಟ್' ಹಚ್ಚಿ: 'ಶಿ ಡಸಂಟ್ ವರ್ಕ್ ಹಿಯರ್.' ಇದೇ ಮೂರು ಮೆಟ್ಟಿಲನ್ನು 'ಶಿ ವೆಂಟ್ ಹೋಮ್' ಜೊತೆ ಹತ್ತಿಸಿ. 'ವೆಂಟ್' ಬಿಚ್ಚಿದರೆ 'ಡಿಡ್ ಗೋ' ಸಿಗುತ್ತದೆ. ಹೀಗೆ ಬಿಚ್ಚಿ ತೋರಿಸಿದರೆ 'ಡಿಡ್ ಯು ವೆಂಟ್', 'ಡಸ್ ಶಿ ವರ್ಕ್ಸ್' ಅನ್ನುವ ತಪ್ಪುಗಳು ಬೇಗ ಕಮ್ಮಿಯಾಗುತ್ತವೆ. ಕಾಲದ ಗುರುತು ಒಂದೇ ಕಡೆ ಕೂರಬೇಕು ಅನ್ನುವುದು ಅವರ ಕಣ್ಣಿಗೇ ಕಾಣುತ್ತದೆ.

ನನ್ನ ಅಭಿಪ್ರಾಯದಲ್ಲಿ ಮೊದಲ ತಿಂಗಳ ಅರ್ಧ ಸಮಯವನ್ನು ಇದಕ್ಕೇ ಕೊಡಬಹುದು. ಪ್ರಶ್ನೆ ಕೇಳಲು ಬಾರದವರು ಮಾತುಕತೆಯಲ್ಲಿ ಯಾವಾಗಲೂ ಉತ್ತರ ಕೊಡುವ ಜಾಗದಲ್ಲೇ ಉಳಿದುಬಿಡುತ್ತಾರೆ. ಕೆಲಸದ ಇಂಟರ್‌ವ್ಯೂನಲ್ಲಿ, ಆಸ್ಪತ್ರೆಯಲ್ಲಿ, ಮಕ್ಕಳ ಶಾಲೆಯಲ್ಲಿ ಅದರಿಂದ ಅವರಿಗೆ ನಿಜವಾದ ನಷ್ಟ.

ನಿಷೇಧದಲ್ಲಿ ಇನ್ನೊಂದು ಸಂಗತಿ ಇದೆ. ಸ್ಪ್ಯಾನಿಷ್‌ನಲ್ಲಿ ಎರಡು ನಿಷೇಧ ಜೊತೆಗೆ ಬರುತ್ತವೆ. 'ನೊ ಬೇಯೊ ನಾದ.' ಹಾಗಾಗಿ 'ಐ ಡೋಂಟ್ ಸೀ ನಥಿಂಗ್' ಅನ್ನುತ್ತಾರೆ. 'ನನಗೆ ಏನೂ ಕಾಣಿಸ್ತಿಲ್ಲ' ಅನ್ನುವ ನಮಗೆ ಇಲ್ಲಿ ತೊಂದರೆಯಿಲ್ಲ. ನಮ್ಮ 'ಏನೂ' ಇಂಗ್ಲಿಷ್‌ನ 'ಎನಿಥಿಂಗ್' ಥರಾನೇ ಕೆಲಸ ಮಾಡುತ್ತದೆ, ನಿಷೇಧ ಒಂದೇ ಸಲ ಬರುತ್ತದೆ. 'ನಥಿಂಗ್, ನೋಬಡಿ, ನೆವರ್' ಇದ್ದ ಕಡೆ 'ನಾಟ್' ಬೇಡ ಅಂತ ಹೇಳಿ ಮುಂದೆ ಹೋಗಿ.

ಹೆಜ್ಜೆ 4: ಹಸಿವು, ಚಳಿ, ವಯಸ್ಸು

ಸ್ಪ್ಯಾನಿಷ್‌ನವರು ಇವನ್ನೆಲ್ಲ 'ಹೊಂದಿರುತ್ತಾರೆ.' 'ತೆಂಗೊ ಆಂಬ್ರೆ', ನನ್ನ ಹತ್ತಿರ ಹಸಿವು ಇದೆ. ಇಂಗ್ಲಿಷ್‌ನಲ್ಲಿ 'ಐ ಆ್ಯಮ್ ಹಂಗ್ರಿ.' ಹೀಗೆ 'ಹ್ಯಾವ್' ಬಿಟ್ಟು 'ಆ್ಯಮ್' ಹಿಡಿಯಬೇಕಾದ ಪದಗಳು ಕೈಬೆರಳಿಗೆ ಸಿಗುವಷ್ಟೇ ಇವೆ: ವಯಸ್ಸು, ಹಸಿವು, ಬಾಯಾರಿಕೆ, ಚಳಿ, ಸೆಕೆ, ನಿದ್ದೆ, ಭಯ, ಮತ್ತೆ 'ನೀವು ಹೇಳಿದ್ದು ಸರಿ' ಅನ್ನುವಾಗಿನ ಸರಿ. ಇವನ್ನು ಒಂದೇ ಗುಂಪಾಗಿ ಬಾಯಿಪಾಠ ಮಾಡಿಸಿ. ಆದರೆ ತಲೆನೋವಿಗೆ ಮಾತ್ರ ಇಂಗ್ಲಿಷ್ ತಾನೇ 'ಹ್ಯಾವ್' ಹಿಡಿಯುತ್ತದೆ, 'ಐ ಹ್ಯಾವ್ ಅ ಹೆಡೇಕ್.' ಅದನ್ನೂ ಅವತ್ತೇ ಹೇಳಿಬಿಡಿ. ಇಲ್ಲದಿದ್ದರೆ ಅತಿ ಎಚ್ಚರದಿಂದ 'ಐ ಆ್ಯಮ್ ಹೆಡೇಕ್' ಅಂದುಬಿಡುತ್ತಾರೆ.

ಇದರ ಪಕ್ಕದಲ್ಲೇ ಇರುವುದು ಇಷ್ಟದ ಮಾತು. ಇದನ್ನು ಕಲಿಸಲು ಕನ್ನಡಿಗರಷ್ಟು ಅನುಕೂಲ ಇರುವವರು ಕಮ್ಮಿ. 'ಮೆ ಗುಸ್ತ ಎಲ್ ಕಫೆ' ಅನ್ನುವುದು ಪದಕ್ಕೆ ಪದ 'ನನಗೆ ಕಾಫಿ ಇಷ್ಟ.' ಕಾಫಿಯೇ ಕರ್ತೃ, ನಾನು 'ನನಗೆ' ಆಗಿ ಪಕ್ಕಕ್ಕೆ ಸರಿದಿದ್ದೇನೆ. 'ಮೆ ದುವೆಲೆ ಲ ಕಬೇಸ' ಕೂಡ ಹಾಗೇ, ನನಗೆ ತಲೆ ನೋಯ್ತಿದೆ. ಇಂಗ್ಲಿಷ್ ಮಾತ್ರ 'ನಾನು' ಅನ್ನು ಮುಂದಕ್ಕೆ ತಳ್ಳಿ 'ಐ ಲೈಕ್ ಕಾಫಿ' ಅನ್ನುತ್ತದೆ. ವಿದ್ಯಾರ್ಥಿ 'ಮಿ ಲೈಕ್ಸ್ ದ ಕಾಫಿ' ಅಂದಾಗ ಆ ವಾಕ್ಯ ಎಲ್ಲಿಂದ ಬಂತು ಅಂತ ನಮಗೆ ಹೊಳೆಯುತ್ತದೆ. ನಮ್ಮ ಭಾಷೆಯಲ್ಲೂ ಹೀಗೇ ಅಂತ ಅವರಿಗೆ ಹೇಳಿ. ತಮ್ಮ ತಪ್ಪು ಪೆದ್ದುತನ ಅಲ್ಲ ಅಂತ ಗೊತ್ತಾದ ವಿದ್ಯಾರ್ಥಿ ಧೈರ್ಯವಾಗಿ ಬಾಯಿ ಬಿಡುತ್ತಾರೆ.

'ತುಂಬಾ' ಅನ್ನುವುದರ ಜಾಗವನ್ನೂ ಇಲ್ಲೇ ತಿದ್ದಿ. 'ಐ ಲೈಕ್ ವೆರಿ ಮಚ್ ಕಾಫಿ' ಅಲ್ಲ, 'ಐ ಲೈಕ್ ಕಾಫಿ ವೆರಿ ಮಚ್.'

ಹೆಜ್ಜೆ 5: ಬಿಳಿ ಮನೆ, ಅಣ್ಣನ ಮನೆ

ಇದು ನಮಗೆ ಸುಲಭ, ಅವರಿಗೆ ತಲೆಕೆಳಗು. ನಾವು 'ಬಿಳಿ ಮನೆಗಳು' ಅಂದಾಗ ಬಣ್ಣ ಮುಂದೆ ಬರುತ್ತದೆ, ಬಹುವಚನ ಮನೆಗೆ ಮಾತ್ರ ಹತ್ತುತ್ತದೆ. ಇಂಗ್ಲಿಷ್ ಕೂಡ ಹಾಗೇ. ಸ್ಪ್ಯಾನಿಷ್‌ನಲ್ಲಿ 'ಕಾಸಾಸ್ ಬ್ಲಾಂಕಾಸ್', ಮನೆ ಮೊದಲು, ಬಣ್ಣ ಆಮೇಲೆ, ಎರಡಕ್ಕೂ ಬಹುವಚನ. ಅದು 'ಹೌಸಸ್ ವೈಟ್ಸ್' ಆಗಿ ಬರುತ್ತದೆ.

'ನನ್ನ ಅಣ್ಣನ ಮನೆ' ಅನ್ನುವುದನ್ನೂ ಇದೇ ಕ್ರಮದಲ್ಲಿ 'ಮೈ ಬ್ರದರ್ಸ್ ಹೌಸ್' ಅನ್ನುತ್ತೇವೆ. ಅವರದು 'ಲ ಕಾಸ ದೆ ಮಿ ಎರ್ಮಾನೊ', ಹಾಗಾಗಿ 'ದ ಹೌಸ್ ಆಫ್ ಮೈ ಬ್ರದರ್.' ತಪ್ಪು ಅಂತ ಹೇಳುವ ಹಾಗಿಲ್ಲ, ಆದರೆ ಯಾರೂ ಹಾಗೆ ಮಾತಾಡುವುದಿಲ್ಲ. ಸರಪಳಿ ಆಟ ಆಡಿಸಿ: ಅಣ್ಣನ ಮನೆ, ಅಣ್ಣನ ಹೆಂಡತಿಯ ಕಾರು, ಅಣ್ಣನ ಹೆಂಡತಿಯ ತಮ್ಮನ ನಾಯಿ.

'ಸು' ಅನ್ನುವ ಒಂದೇ ಪದ ಅವರಲ್ಲಿ ಅವನ, ಅವಳ, ಅವರ, ನಿಮ್ಮ ಎಲ್ಲಕ್ಕೂ ನಡೆಯುತ್ತದೆ. ಅದಕ್ಕೇ 'ಮರಿಯಾ ಅಂಡ್ ಹಿಸ್ ಹಸ್ಬೆಂಡ್' ಅಂತ ಬರುವುದು. ಇದಕ್ಕೆ ಫೋಟೊ ತೋರಿಸಿ ಮಾತಾಡಿಸುವುದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಕುಟುಂಬದ ಫೋಟೊ ಇಟ್ಟುಕೊಂಡು 'ಇದು ಯಾರ ಚೀಲ, ಇದು ಯಾರ ಮಗು' ಅಂತ ಕೇಳುತ್ತಾ ಹೋಗಿ.

ಹೆಜ್ಜೆ 6: 'ಅ', 'ದ'. ಇಲ್ಲಿ ನಿಮ್ಮ ಕಿವಿಯನ್ನೂ ನಂಬಬೇಡಿ

ಕನ್ನಡದಲ್ಲಿ ಆರ್ಟಿಕಲ್ ಇಲ್ಲ. ಸ್ಪ್ಯಾನಿಷ್‌ನಲ್ಲಿ ಇದೆ, ಆದರೆ ಬಳಕೆ ಬೇರೆ. ನಾವು ಆರ್ಟಿಕಲ್ ನುಂಗುತ್ತೇವೆ, ಅವರು ಬೇಡದ ಕಡೆ ತುರುಕುತ್ತಾರೆ. ಇಬ್ಬರ ತಪ್ಪೂ ಬೇರೆ ಬೇರೆ ಆಗಿರುವುದರಿಂದ, ನಾವು ಪಾಠ ಮಾಡುವ ಮುಂಚೆ ಈ ಭಾಗವನ್ನು ಕೂತು ಓದಿಕೊಳ್ಳಲೇಬೇಕು.

ಮೂರು ಜಾಗ ನೋಡಿ. ಒಂದು, ಸಾರಾಸಗಟು ಮಾತಾಡುವಾಗ. 'ಲ ಬಿದ ಎಸ್ ದಿಫಿಸಿಲ್' ಅನ್ನುವುದು 'ದ ಲೈಫ್ ಈಸ್ ಡಿಫಿಕಲ್ಟ್' ಆಗುತ್ತದೆ. ಬದುಕು, ಪ್ರೀತಿ, ಹಣ, ಮಕ್ಕಳು, ನಾಯಿಗಳು ಅಂತ ಒಟ್ಟಾರೆ ಹೇಳುವಾಗ ಇಂಗ್ಲಿಷ್‌ಗೆ 'ದ' ಬೇಡ. 'ಡಾಗ್ಸ್ ಆರ್ ಲಾಯಲ್' ಅಂದರೆ ಲೋಕದ ನಾಯಿಗಳೆಲ್ಲ. 'ದ ಡಾಗ್ಸ್' ಅಂದರೆ ನಿಮಗೂ ನನಗೂ ಗೊತ್ತಿರುವ ಆ ನಾಯಿಗಳು. ಎರಡು, ಕೆಲಸ ಹೇಳುವಾಗ. 'ಸೊಯ್ ದೊಕ್ತೊರಾ' ಅನ್ನುವಲ್ಲಿ 'ಒಬ್ಬ' ಇಲ್ಲ. 'ನಾನು ಡಾಕ್ಟರ್' ಅನ್ನುವಾಗ ನಮ್ಮಲ್ಲೂ ಇಲ್ಲ. ಹಾಗಾಗಿ 'ಐ ಆ್ಯಮ್ ಡಾಕ್ಟರ್' ಅನ್ನುವುದು ನಮ್ಮ ಕಿವಿಯಿಂದ ಆರಾಮವಾಗಿ ತಪ್ಪಿಸಿಕೊಳ್ಳುತ್ತದೆ. 'ಐ ಆ್ಯಮ್ ಅ ಡಾಕ್ಟರ್' ಆಗಬೇಕು. ಮೂರು, ಮೈಯ ಅಂಗಗಳು. 'ಮೆ ಲಾಬೊ ಲಾಸ್ ಮಾನೊಸ್' ಅನ್ನುವವರು 'ಐ ವಾಶ್ ದ ಹ್ಯಾಂಡ್ಸ್' ಅನ್ನುತ್ತಾರೆ. ನಾವೂ 'ಕೈ ತೊಳ್ಕೊಂಡೆ' ಅನ್ನುತ್ತೇವೆ, ಯಾರ ಕೈ ಅಂತ ಹೇಳುವುದಿಲ್ಲ. ಇಂಗ್ಲಿಷ್‌ಗೆ ಅದು ಬೇಕೇ ಬೇಕು: 'ಮೈ ಹ್ಯಾಂಡ್ಸ್.'

ಹೆಜ್ಜೆ 7: ಐದು ವರ್ಷದಿಂದ

ಕನ್ನಡಿಗ ಮೇಷ್ಟ್ರೂ ಬೊಗೋಟಾದ ವಿದ್ಯಾರ್ಥಿಯೂ ಕೈ ಕೈ ಹಿಡಿದು ಜಾರುವ ಜಾಗ ಇದು. 'ಬಿಬೊ ಅಕಿ ದೆಸ್ದೆ ಆಸೆ ಸಿಂಕೊ ಆನ್ಯೊಸ್.' 'ಐದು ವರ್ಷದಿಂದ ಇಲ್ಲೇ ಇದ್ದೀನಿ.' ಎರಡೂ ಭಾಷೆಯಲ್ಲಿ ಕ್ರಿಯಾಪದ ವರ್ತಮಾನದಲ್ಲೇ ಇದೆ. ಎರಡರಲ್ಲೂ 'ಇಂದ' ಅನ್ನುವ ಅರ್ಥ ಇದೆ. ಅದಕ್ಕೇ ಅವರು 'ಐ ಲಿವ್ ಹಿಯರ್ ಸಿನ್ಸ್ ಫೈವ್ ಇಯರ್ಸ್' ಅನ್ನುತ್ತಾರೆ, ನಮ್ಮವರು 'ಐ ಆ್ಯಮ್ ಲಿವಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್' ಅನ್ನುತ್ತಾರೆ.

ಬೋರ್ಡ್ ಮೇಲೆ ಒಂದು ಗೆರೆ ಎಳೆಯಿರಿ. ಎಡ ತುದಿಯಲ್ಲಿ ಒಂದು ಚುಕ್ಕೆ ಇಟ್ಟು 2020 ಅಂತ ಬರೆಯಿರಿ. ಬಲ ತುದಿಯಲ್ಲಿ 'ಈಗ' ಅಂತ ಬರೆಯಿರಿ. ಚುಕ್ಕೆಯ ಮೇಲೆ 'ಸಿನ್ಸ್', ಗೆರೆಯ ಉದ್ದಕ್ಕೂ 'ಫಾರ್.' 'ಸಿನ್ಸ್' ಜೊತೆ ಯಾವಾಗಲೂ ಶುರುವಾದ ಹೊತ್ತು: ಸಿನ್ಸ್ 2020, ಸಿನ್ಸ್ ಮಂಡೇ, ಸಿನ್ಸ್ ಮಾರ್ನಿಂಗ್ ಅನ್ನದೆ ಸಿನ್ಸ್ ದಿಸ್ ಮಾರ್ನಿಂಗ್. 'ಫಾರ್' ಜೊತೆ ಯಾವಾಗಲೂ ಉದ್ದ: ಫಾರ್ ಫೈವ್ ಇಯರ್ಸ್, ಫಾರ್ ಟು ಡೇಸ್. ಗೆರೆ ಹಿಂದಿನಿಂದ ಈಗಿನವರೆಗೆ ಬಂದು ಮುಟ್ಟುವುದರಿಂದ ಕ್ರಿಯಾಪದವೂ ಎರಡನ್ನೂ ಹಿಡಿಯಬೇಕು: 'ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಫೈವ್ ಇಯರ್ಸ್.' ಆಮೇಲೆ ಅವರ ಬದುಕಿನದೇ ಗೆರೆ ಎಳೆಸಿ. ಮದುವೆ, ಕೆಲಸ, ಈ ಮನೆ, ಈ ಫೋನು. ಒಂದೊಂದು ಚುಕ್ಕೆಗೂ ಎರಡು ವಾಕ್ಯ.

ಇದಕ್ಕೆ ಅಂಟಿಕೊಂಡ ಇನ್ನೊಂದು ತೊಡಕು 'ನಿನ್ನೆ'ಯದು. ಸ್ಪೇನ್‌ನ ಬಹಳಷ್ಟು ಕಡೆ ಇವತ್ತು ಬೆಳಗ್ಗೆ ಆದದ್ದಕ್ಕೆ 'ಎ ಕೊಮೀದೊ' ಅನ್ನುತ್ತಾರೆ, ಅಂದರೆ 'ಹ್ಯಾವ್ ಈಟನ್' ಥರದ ರೂಪ. ಲ್ಯಾಟಿನ್ ಅಮೆರಿಕದಲ್ಲಿ ಹೆಚ್ಚಾಗಿ ಸರಳ ಭೂತಕಾಲ 'ಕೊಮಿ.' ಹಾಗಾಗಿ ಮ್ಯಾಡ್ರಿಡ್‌ನವರು 'ಹ್ಯಾವ್' ಜಾಸ್ತಿ ಹಾಕುತ್ತಾರೆ, ಮೆಕ್ಸಿಕೊದವರು ಕಮ್ಮಿ ಹಾಕುತ್ತಾರೆ. ಮುಗಿದ ಹೊತ್ತಿನ ಹೆಸರು ಬಂದರೆ, ಅಂದರೆ ಯೆಸ್ಟರ್ಡೇ, ಲಾಸ್ಟ್ ವೀಕ್, 2019 ಬಂದರೆ, 'ಹ್ಯಾವ್' ಬೇಡ. 'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ' ಅಂತ ನಮ್ಮ ಆಫೀಸುಗಳಲ್ಲೂ ದಿನಾ ಕೇಳುತ್ತೇವೆ. ಅಲ್ಲಿ ನಡೆದುಹೋಗುತ್ತದೆ, ಕಲಿಸುವಾಗ ನಡೆಯಬಾರದು.

ಹೆಜ್ಜೆ 8: ನಮಗೂ ಅವರಿಗೂ ಒಂದೇ ಥರ ಕೈಕೊಡುವ ಇನ್ನಷ್ಟು

'ಅಲ್ಲಿ' ಅನ್ನುವ ನಮ್ಮ ಪ್ರತ್ಯಯ ನೋಡಿ. ಮನೆಯಲ್ಲಿ, ಬಸ್ಸಲ್ಲಿ, ಬಸ್ ಸ್ಟಾಪಲ್ಲಿ, ಜನವರಿಯಲ್ಲಿ. ಸ್ಪ್ಯಾನಿಷ್‌ನಲ್ಲೂ ಇವೆಲ್ಲಕ್ಕೂ 'ಎನ್' ಒಂದೇ ಸಾಕು. ಇಂಗ್ಲಿಷ್‌ನಲ್ಲಿ 'ಇನ್ ದ ಹೌಸ್, ಆನ್ ದ ಬಸ್, ಅಟ್ ದ ಬಸ್ ಸ್ಟಾಪ್, ಇನ್ ಜಾನ್ಯುಅರಿ.' ಇದಕ್ಕೆ ಒಂದೇ ನಿಯಮ ಹುಡುಕಲು ಹೋಗಬೇಡಿ, ಇಡೀ ಗುಂಪನ್ನೇ ಕಲಿಸಿ. ಕ್ರಿಯಾಪದಕ್ಕೆ ಅಂಟಿದವು ಇನ್ನೂ ಹಟಮಾರಿ. ಸ್ಪ್ಯಾನಿಷ್‌ನ ಪ್ರಕಾರ 'ಡಿಪೆಂಡ್ ಆಫ್', 'ಥಿಂಕ್ ಇನ್', 'ಮ್ಯಾರಿಡ್ ವಿತ್.' ಕೊನೆಯದು ನಮ್ಮದೂ ಹೌದು, 'ಅವನ ಜೊತೆ ಮದುವೆ' ಅನ್ನುತ್ತೇವಲ್ಲ. 'ಡಿಪೆಂಡ್ ಆನ್', 'ಥಿಂಕ್ ಅಬೌಟ್', 'ಮ್ಯಾರಿಡ್ ಟು' ಅಂತ ಜೋಡಿಯಾಗಿಯೇ ಬರೆಸಿ.

ಸ್ಪ್ಯಾನಿಷ್‌ನ 'ಅಸೆರ್' ನಮ್ಮ 'ಮಾಡು' ಇದ್ದ ಹಾಗೆ, ಎಲ್ಲದಕ್ಕೂ ನಡೆಯುತ್ತದೆ. ಇಂಗ್ಲಿಷ್ ಅದನ್ನು 'ಡು', 'ಮೇಕ್' ಅಂತ ಹಂಚಿಬಿಟ್ಟಿದೆ. 'ದೆಸಿರ್' ನಮ್ಮ 'ಹೇಳು'. ಅದು 'ಸೇ', 'ಟೆಲ್' ಅಂತ ಒಡೆಯುತ್ತದೆ. 'ಟೆಲ್' ಬಂದರೆ ಯಾರಿಗೆ ಅನ್ನುವುದು ತಕ್ಷಣ ಬರಬೇಕು: 'ಹಿ ಟೋಲ್ಡ್ ಮಿ.' 'ಹಿ ಸೆಡ್ ಮಿ' ಅನ್ನುವ ಹಾಗಿಲ್ಲ. ಇದೇ ಜಾಗದಲ್ಲಿ 'ಎಕ್ಸ್‌ಪ್ಲೇನ್ ಮಿ' ಕೂಡ ತಿದ್ದಿ, 'ಎಕ್ಸ್‌ಪ್ಲೇನ್ ಇಟ್ ಟು ಮಿ.'

'ಕಿಯೆರೊ ಕೆ ಬೆಂಗಾಸ್' ಅಂದರೆ ನೀನು ಬರಬೇಕು ಅಂತ ನನ್ನ ಆಸೆ. ಆ 'ಅಂತ' ಇಂಗ್ಲಿಷ್‌ಗೆ ಬರುವಾಗ 'ದಟ್' ಆಗಿ ಕೂತುಕೊಳ್ಳುತ್ತದೆ. 'ಐ ವಾಂಟ್ ದಟ್ ಯು ಕಮ್.' ಸರಿಯಾದದ್ದು 'ಐ ವಾಂಟ್ ಯು ಟು ಕಮ್.' ವಿದ್ಯಾರ್ಥಿಯ ಅಮ್ಮ, ಬಾಸ್, ಮಗ ಅವರಿಂದ ಏನೇನು ಬಯಸುತ್ತಾರೆ ಅಂತ ಹೇಳಿಸಿ. ಹತ್ತು ವಾಕ್ಯ ಸಲೀಸಾಗಿ ಬರುತ್ತವೆ.

ಪ್ರಶ್ನೆಯೊಳಗಿನ ಪ್ರಶ್ನೆಯಲ್ಲೂ ಇಬ್ಬರೂ ಎಡವುತ್ತೇವೆ. 'ಐ ಡೋಂಟ್ ನೋ ವೇರ್ ಈಸ್ ಹಿ.' 'ಐ ಡೋಂಟ್ ನೋ' ಬಂದ ಮೇಲೆ ಅದು ಪ್ರಶ್ನೆಯಾಗಿ ಉಳಿದಿಲ್ಲ, 'ವೇರ್ ಹಿ ಈಸ್' ಆಗಬೇಕು. ಇನ್ನು ನಮ್ಮ 'ಅಲ್ವಾ' ಇದೆಯಲ್ಲ, ಅವರ 'ಬೆರ್ದಾದ್' ಅದರ ತದ್ರೂಪ. ಎಲ್ಲ ವಾಕ್ಯಕ್ಕೂ ಒಂದೇ. ಇಂಗ್ಲಿಷ್ ಪ್ರತಿಸಲ ಹೊಸದನ್ನು ಕೇಳುತ್ತದೆ: 'ಡೋಂಟ್ ಯು', 'ಹ್ಯಾಸಂಟ್ ಶಿ', 'ವಾಸ್ ಇಟ್.' ಶುರುವಿನವರಿಗೆ ಇದನ್ನು ಹೇರಬೇಡಿ. 'ರೈಟ್?' ಅಂತ ಕೊನೆಗೆ ಹಾಕಿದರೆ ಎಲ್ಲ ಕಡೆ ನಡೆಯುತ್ತದೆ.

ಹೆಜ್ಜೆ 9: ಕೆಲವು ವ್ಯಾಕರಣ ತಪ್ಪು ಕಿವಿಯದ್ದು

ಸ್ಪ್ಯಾನಿಷ್‌ನಲ್ಲಿ ಐದೇ ಸ್ವರ, ಹ್ರಸ್ವ-ದೀರ್ಘ ಅನ್ನುವ ಭೇದದಿಂದ ಅರ್ಥ ಬದಲಾಗುವುದಿಲ್ಲ. ಬಿಡು, ಬೀಡು ಬೇರೆ ಬೇರೆ ಅಂತ ಹುಟ್ಟಿನಿಂದ ಕೇಳಿದ ನಮಗೆ ಇದನ್ನು ಊಹಿಸುವುದೂ ಕಷ್ಟ. ಅವರ ಕಿವಿಗೆ 'ದಿಸ್', 'ದೀಸ್' ಎರಡೂ ಒಂದೇ. 'ಹಿಸ್' ಮತ್ತು 'ಹೀ ಈಸ್' ಕೂಡಿ ಬಂದ 'ಹೀಸ್' ಒಂದೇ. ವಿದ್ಯಾರ್ಥಿ 'ದಿಸ್ ಬುಕ್ಸ್' ಅಂದರೆ ಅದು ಏಕವಚನ-ಬಹುವಚನ ಗೊತ್ತಿಲ್ಲದ ತಪ್ಪಾಗಿರಲಿಕ್ಕಿಲ್ಲ. ಬರೆಸಿ ನೋಡಿ. ಬರವಣಿಗೆಯಲ್ಲಿ ಸರಿ ಇದ್ದರೆ ವ್ಯಾಕರಣ ಬಿಟ್ಟು ಸ್ವರದ ಅಭ್ಯಾಸ ಮಾಡಿಸಿ.

ಕೊನೆಯ 'ಸ್' ವಿಷಯದಲ್ಲೂ ಇದೇ ಎಚ್ಚರ ಬೇಕು. ಕ್ಯೂಬಾ, ಡೊಮಿನಿಕನ್ ಗಣರಾಜ್ಯ, ಪೋರ್ಟೊ ರಿಕೊ ಕಡೆಯ ಆಡುಮಾತಿನಲ್ಲಿ ಪದದ ಕೊನೆಯ 'ಸ್' ತುಂಬಾ ಮೆದುವಾಗುತ್ತದೆ ಅಥವಾ ಬಿದ್ದೇ ಹೋಗುತ್ತದೆ. ಅಲ್ಲಿಯವರು 'ಶಿ ವರ್ಕ್' ಅಂದಾಗ ನಿಯಮ ಮರೆತರೋ, ನಾಲಿಗೆ ನುಂಗಿತೋ ತಿಳಿಯಲು ಮತ್ತೆ ಬರೆಸುವುದೇ ದಾರಿ. ಭೂತಕಾಲದ 'ಎಡ್' ಕೂಡ ಹಾಗೇ. 'ವರ್ಕ್ಟ್' ಅನ್ನಬೇಕಾದಲ್ಲಿ ಅವರು 'ವರ್ಕೆಡ್' ಅನ್ನುತ್ತಾರೆ, ನಮ್ಮಲ್ಲೂ ಬಹಳ ಜನ ಹಾಗೇ ಓದುತ್ತಾರೆ. ಪದ 'ಟ್' ಅಥವಾ 'ಡ್' ದನಿಯಲ್ಲಿ ಮುಗಿದರೆ ಮಾತ್ರ 'ಎಡ್' ಬಿಡಿಸಿ ಹೇಳಬೇಕು, 'ವಾಂಟೆಡ್, ನೀಡೆಡ್' ಹಾಗೆ. 'ಎಸ್ಕೂಲ್' ಅಂದರೆ ಬೇಸರ ಮಾಡಿಕೊಳ್ಳಬೇಡಿ, ನಮ್ಮ ಹಳ್ಳಿಗಳಲ್ಲಿ 'ಇಸ್ಕೂಲು' ಇವತ್ತಿಗೂ ಇದೆ. 'ಸ್‌ಸ್‌ಸ್' ಅಂತ ಉದ್ದ ಎಳೆದು ಆಮೇಲೆ 'ಕೂಲ್' ಸೇರಿಸಲು ಹೇಳಿ.

ಹೆಜ್ಜೆ 10: ತಿದ್ದುವ ರೀತಿ ಮತ್ತು ಬರವಣಿಗೆ

ಬೊಗೋಟಾದಲ್ಲಿ ಸಂಜೆ 7 ಗಂಟೆ ಅಂದರೆ ಬೆಂಗಳೂರಿನಲ್ಲಿ ಮರುದಿನ ಬೆಳಗಿನ 5:30. ನೀವು ಆಗಷ್ಟೇ ಎದ್ದಿರುತ್ತೀರಿ, ಅವರು ದಿನವಿಡೀ ದುಡಿದು ಬಂದಿರುತ್ತಾರೆ. ಒಂದು ಕ್ಲಾಸಿಗೆ ಒಂದೇ ತಪ್ಪು ಆರಿಸಿಕೊಳ್ಳಿ. ಅವತ್ತು 'ಡು' ಅಂದರೆ 'ಡು' ಮಾತ್ರ, ಆರ್ಟಿಕಲ್ ತಪ್ಪಿದರೆ ಬಿಟ್ಟುಬಿಡಿ. ವಾಕ್ಯ ಮುಗಿಯುವವರೆಗೆ ಬಾಯಿ ಹಾಕಬೇಡಿ. ಮುಗಿದ ಮೇಲೆ ಸರಿಯಾದ ವಾಕ್ಯವನ್ನು ನೀವೇ ಹೇಳಿ, ಅವರಿಂದ ಒಮ್ಮೆ ಹೇಳಿಸಿ, ಮಾತು ಮುಂದುವರಿಸಿ.

ಒಂದೇ ಥರ ಕಾಣುವ, ಬೇರೆ ಅರ್ಥದ ಪದಗಳ ಪುಟ್ಟ ಪಟ್ಟಿ ಕೈಯಲ್ಲಿರಲಿ. 'ಅಕ್ತುಆಲ್ಮೆಂತೆ' ಅಂದರೆ ಸದ್ಯಕ್ಕೆ, 'ಆ್ಯಕ್ಚುಅಲಿ' ಅಲ್ಲ. 'ಅಸಿಸ್ತಿರ್' ಅಂದರೆ ಹಾಜರಾಗುವುದು. 'ಲಿಬ್ರೆರಿಯ' ಪುಸ್ತಕದ ಅಂಗಡಿ. 'ಕರ್ಪೆತ' ಫೈಲ್ ಇಡುವ ಫೋಲ್ಡರ್. 'ಎಂಬರಸಾದ' ಅಂದರೆ ಗರ್ಭಿಣಿ. ನಾಚಿಕೆಯಾಯಿತು ಅನ್ನಲು ಅದನ್ನು ಬಳಸುವ ಇಂಗ್ಲಿಷ್‌ನವರೂ ಪೇಚಿಗೆ ಸಿಗುತ್ತಾರೆ, ಹಾಗಾಗಿ ಇದನ್ನು ಎಲ್ಲರಿಗೂ ಮೊದಲೇ ಹೇಳುವುದು ಒಳ್ಳೆಯದು.

ಬರವಣಿಗೆಯಲ್ಲಿ ದೊಡ್ಡಕ್ಷರ ನೋಡಿ. ಸ್ಪ್ಯಾನಿಷ್‌ನಲ್ಲಿ ವಾರ, ತಿಂಗಳು, ಭಾಷೆಯ ಹೆಸರುಗಳೆಲ್ಲ ಚಿಕ್ಕಕ್ಷರದಲ್ಲಿ ಶುರುವಾಗುತ್ತವೆ. ಪ್ರಶ್ನೆಯ ಮುಂದೆ ತಲೆಕೆಳಗಾದ ಪ್ರಶ್ನೆಚಿಹ್ನೆ ಹಾಕುವ ಪದ್ಧತಿಯನ್ನು ಸ್ಪೇನ್‌ನ ರಾಯಲ್ ಅಕಾಡೆಮಿ 1754ರಲ್ಲಿ ಜಾರಿಗೆ ತಂದಿತು. ಇಂಗ್ಲಿಷ್‌ನಲ್ಲಿ ಅದು ಬೇಡ. ಅಲ್ಪವಿರಾಮ ಹಾಕುತ್ತಾ ಒಂದೇ ವಾಕ್ಯವನ್ನು ಇಡೀ ಪ್ಯಾರಾ ಎಳೆಯುವುದು ಅವರಲ್ಲಿ ಒಪ್ಪಿತ ಶೈಲಿ, ಇಂಗ್ಲಿಷ್ ಇಮೇಲ್‌ನಲ್ಲಿ ಎರಡು ಸಾಲಿಗೊಂದು ಪೂರ್ಣವಿರಾಮ ಇಡಿಸಿ.

ಅಂಕಿ ಬಂದಾಗ ಇನ್ನೂ ಹುಷಾರು. ಸ್ಪ್ಯಾನಿಷ್‌ನ 'ಬಿಯೋನ್' ಅಂದರೆ ಒಂದು ಲಕ್ಷ ಕೋಟಿ. ಇಂಗ್ಲಿಷ್‌ನ 'ಬಿಲಿಯನ್' ಅಂದರೆ 100 ಕೋಟಿ. ಒಂದಕ್ಕೆ 12 ಸೊನ್ನೆ, ಇನ್ನೊಂದಕ್ಕೆ 9. ಅರ್ಜೆಂಟೀನಾ, ಸ್ಪೇನ್ ಕಡೆ ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ, ಮೆಕ್ಸಿಕೊದಲ್ಲಿ ನಮ್ಮ ಹಾಗೇ ಚುಕ್ಕೆ. ಹಣದ ಮಾತಿರುವ ಇಮೇಲ್ ತಿದ್ದುವಾಗ ವ್ಯಾಕರಣ ನೋಡುವ ಮೊದಲು ಸೊನ್ನೆಗಳನ್ನು ಎಣಿಸಿ.